ಡಿಯುಐ ‘ರೆಕಾರ್ಡ್ ಕ್ಲಿಯರಿಂಗ್’ ಸೇವೆ: ಯಾವ ರಾಜ್ಯದಲ್ಲಿ ದುಡ್ಡಿಗೆ ತಕ್ಕ ಕೆಲಸ, ಎಲ್ಲಿ ದುಡ್ಡು ದಂಡ

ಅಮೆರಿಕದಲ್ಲಿ ಕುಡಿದು ಕಾರು ಓಡಿಸಿದ ತಪ್ಪಿಗೆ (ಡಿಯುಐ) ಸಿಕ್ಕಿಬಿದ್ದವರು ಕೇಸು ಮುಗಿಸಿ, ದಂಡ ಕಟ್ಟಿ, ಕಡ್ಡಾಯದ ಕ್ಲಾಸಿಗೂ ಹೋಗಿ ಬಂದ ಮೇಲೆ ಹುಡುಕುವುದು ಒಂದೇ ಸೇವೆಯನ್ನು: ‘ರೆಕಾರ್ಡ್ ಕ್ಲಿಯರಿಂಗ್’, ಅಂದರೆ ಕೇಸಿನ ದಾಖಲೆ ಅಳಿಸುವುದು ಅಥವಾ ಮುಚ್ಚುವುದು. ಆನ್‌ಲೈನ್ ಫಾರ್ಮ್ ತುಂಬಿ ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ಸಾಕು, ಅವರ ಕಡೆಯ ವಕೀಲರು ಕೋರ್ಟಿನಿಂದ ಕಡತ ತರಿಸುತ್ತಾರೆ, ಅರ್ಜಿ ಬರೆಯುತ್ತಾರೆ, ಸರ್ಕಾರಿ ವಕೀಲರಿಗೆ ಪ್ರತಿ ಕಳಿಸುತ್ತಾರೆ, ಬೇಕಾದರೆ ವಿಚಾರಣೆಗೂ ನಿಲ್ಲುತ್ತಾರೆ. ಶುಲ್ಕ ಕೆಲವು ನೂರು ಡಾಲರಿನಿಂದ ಎರಡು ಸಾವಿರದ ಆಸುಪಾಸಿನವರೆಗೆ. ಹೆಸರು ಎಲ್ಲ ಕಡೆ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಕೈಗೆ ಬರುವ ಫಲ ಮಾತ್ರ ಒಂದೇ ಅಲ್ಲ. ಮಿಷಿಗನ್‌ನಲ್ಲಿ ಇದು ನಿಜವಾದ ಪರಿಹಾರ. ಕ್ಯಾಲಿಫೋರ್ನಿಯಾದಲ್ಲಿ ಅರ್ಧ ಪರಿಹಾರ. ಫ್ಲೋರಿಡಾದಲ್ಲಿ ಡಿಯುಐ ಶಿಕ್ಷೆ ಆಗಿಹೋಗಿದ್ದರೆ ಮಾರುವುದಕ್ಕೆ ಸರಕೇ ಇಲ್ಲ. ಇನ್ನು ವೀಸಾ ಮೇಲೆ ಇರುವ ನಮ್ಮವರಿಗೆ, ಅವರು ನಿಜವಾಗಿ ಹೆದರುವ ಜಾಗವನ್ನು ಯಾವ ರಾಜ್ಯದ ಕ್ಲಿಯರಿಂಗೂ ಮುಟ್ಟುವುದಿಲ್ಲ. ಹಾಗಾಗಿ ಈ ವಿಮರ್ಶೆ ಒಂದು ಕಂಪನಿಯದಲ್ಲ, ಈ ಸೇವೆಯದು. ರಾಜ್ಯ ರಾಜ್ಯದಲ್ಲಿ ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದರದು.

‘ರೆಕಾರ್ಡ್’ ಅಂದರೆ ಯಾವ ರೆಕಾರ್ಡ್?

ಒಂದು ಡಿಯುಐ ಬಂಧನ ಐದು ಕಡೆ ಬರಹವಾಗಬಹುದು. ಕೋರ್ಟಿನ ಕಡತ ಮೊದಲನೆಯದು. ಬೆರಳಚ್ಚಿನ ಜೊತೆಗೆ ರಾಜ್ಯ ಪೊಲೀಸರ ಮೂಲಕ ಎಫ್‌ಬಿಐ ಸೇರುವ ಬಂಧನದ ದಾಖಲೆ ಎರಡನೆಯದು. ಲೈಸೆನ್ಸ್ ಕೊಡುವ ಡಿಎಂವಿಯ ಚಾಲನಾ ದಾಖಲೆ ಮೂರನೆಯದು. ಕೋರ್ಟುಗಳಿಂದ ಮಾಹಿತಿ ತೆಗೆದುಕೊಂಡು ಕಂಪನಿಗಳಿಗೆ ಮಾರುವ ಖಾಸಗಿ ಬ್ಯಾಕ್‌ಗ್ರೌಂಡ್ ಚೆಕ್ ಸಂಸ್ಥೆಗಳ ಪಟ್ಟಿ ನಾಲ್ಕನೆಯದು. ಪರದೇಶದವರಿಗೆ ವಿದೇಶಾಂಗ ಇಲಾಖೆ ಮತ್ತು ವಲಸೆ ಇಲಾಖೆಯ ಕಡತ ಐದನೆಯದು.

ಕ್ಲಿಯರಿಂಗ್ ಸೇವೆ ಕೈ ಹಾಕುವುದು ಮೊದಲನೆಯದಕ್ಕೆ. ಕೋರ್ಟಿನ ಆದೇಶ ಹೊರಟ ಮೇಲೆ ಎರಡನೆಯದು ತಿದ್ದುಪಡಿಯಾಗುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ. ಮೂರನೆಯದು ಬಹುತೇಕ ರಾಜ್ಯಗಳಲ್ಲಿ ಅಲುಗುವುದಿಲ್ಲ. ಇನ್ಶೂರೆನ್ಸ್ ಕಂಪನಿ ನೋಡುವುದು ಈ ಮೂರನೆಯದನ್ನೇ. ಆದ್ದರಿಂದ ‘ಕ್ಲಿಯರ್ ಆದರೆ ಪ್ರೀಮಿಯಂ ಇಳಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಬನ್ನಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ಡಿಯುಐ ಆದರೆ ಒಳ್ಳೆಯ ಚಾಲಕರಿಗೆ ಸಿಗುವ ರಿಯಾಯಿತಿ 10 ವರ್ಷ ಸಿಗುವುದಿಲ್ಲ. ಕೋರ್ಟು ಕಡತಕ್ಕೆ ಏನೇ ಮಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಶಿಕ್ಷೆಯೇ ಬೇರೆ ಬೇರೆ

ದಾಖಲೆ ಅಳಿಯುತ್ತದೋ ಇಲ್ಲವೋ ಎನ್ನುವುದು ಆ ರಾಜ್ಯ ಈ ತಪ್ಪನ್ನು ಯಾವ ಜಾತಿಗೆ ಸೇರಿಸಿದೆ ಎಂಬುದರ ಮೇಲೆ ನಿಂತಿದೆ. ಹೆಸರೇ ಒಂದಿಲ್ಲ: ಕ್ಯಾಲಿಫೋರ್ನಿಯಾ, ಫ್ಲೋರಿಡಾದಲ್ಲಿ ಡಿಯುಐ, ಟೆಕ್ಸಸ್, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಡಿಡಬ್ಲ್ಯುಐ, ಒಹಾಯೋದಲ್ಲಿ ಓವಿಐ, ಮಿಷಿಗನ್, ವಿಸ್ಕಾನ್ಸಿನ್‌ನಲ್ಲಿ ಓಡಬ್ಲ್ಯುಐ. ರಕ್ತದಲ್ಲಿನ ಮದ್ಯದ ಮಿತಿ ಮಾತ್ರ 0.08ಕ್ಕೆ ಒಂದಾಗಿದೆ. 2000ದಲ್ಲಿ ಕೇಂದ್ರ ಸರ್ಕಾರ ಹೆದ್ದಾರಿ ಅನುದಾನವನ್ನು ಇದಕ್ಕೆ ಕಟ್ಟಿಹಾಕಿದ ಮೇಲೆ 2004ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿದವು. 2018ರ ಡಿಸೆಂಬರ್ 30ರಿಂದ ಯೂಟಾ ಮಾತ್ರ 0.05ಕ್ಕೆ ಇಳಿಸಿದೆ. ನ್ಯೂಯಾರ್ಕಿನಲ್ಲಿ 0.05 ದಾಟಿದರೆ ಡಿಡಬ್ಲ್ಯುಎಐ ಎಂಬ ಸಣ್ಣ ತಪ್ಪು: 300ರಿಂದ 500 ಡಾಲರ್ ದಂಡ, 90 ದಿನ ಲೈಸೆನ್ಸ್ ಅಮಾನತು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ 0.03. ಮಿತಿಯಲ್ಲಿ ಅಮೆರಿಕವೇ ಸಡಿಲ. ಬೆಂಗಳೂರಿನಲ್ಲಿ ಕೋರ್ಟಿಗೆ ಹೋಗಿ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬಂದ ಅಭ್ಯಾಸದವರು ಅಲ್ಲಿಯೂ ಹಾಗೆಯೇ ಅಂದುಕೊಂಡರೆ ಎಡವುತ್ತಾರೆ. ಅಲ್ಲಿ ದಂಡಕ್ಕಿಂತ ಅದರ ಬಾಲ ಉದ್ದ.

ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲದ ಓಡಬ್ಲ್ಯುಐ ಅಪರಾಧವೇ ಅಲ್ಲ (16 ವರ್ಷದೊಳಗಿನ ಮಗು ಕಾರಿನಲ್ಲಿದ್ದರೆ ಮಾತು ಬೇರೆ). 150ರಿಂದ 300 ಡಾಲರ್ ದಂಡ, ಮೇಲೆ ಸರ್ಚಾರ್ಜು, ಆರರಿಂದ ಒಂಬತ್ತು ತಿಂಗಳು ಲೈಸೆನ್ಸ್ ಇಲ್ಲ. ಕೇಳಲು ಹಗುರ. ಆದರೆ ಅಪರಾಧವಲ್ಲದ್ದನ್ನು ಅಳಿಸಲು ಕಾನೂನಿನಲ್ಲಿ ದಾರಿಯೂ ಇಲ್ಲ, ರಾಜ್ಯದ ಕೋರ್ಟು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ನ್ಯೂಜೆರ್ಸಿಯಲ್ಲೂ ಇದೇ ಕಥೆ. ಅಲ್ಲಿ ಡಿಡಬ್ಲ್ಯುಐ ಸಂಚಾರ ನಿಯಮದ ಉಲ್ಲಂಘನೆ. 0.08ರಿಂದ 0.10ರ ಒಳಗಿದ್ದ ಮೊದಲ ಸಲದವರಿಗೆ 250ರಿಂದ 400 ಡಾಲರ್ ದಂಡ, 12ರಿಂದ 48 ಗಂಟೆಯ ಕ್ಲಾಸು, ಕಾರಿಗೆ 3 ತಿಂಗಳು ಇಂಟರ್‌ಲಾಕ್ (ಊದಿ ತೋರಿಸಿದರಷ್ಟೇ ಕಾರು ಸ್ಟಾರ್ಟ್ ಆಗಲು ಬಿಡುವ ಯಂತ್ರ), ಜೊತೆಗೆ ವರ್ಷಕ್ಕೆ 1,000 ಡಾಲರ್‌ನಂತೆ ಮೂರು ವರ್ಷ ಸರ್ಚಾರ್ಜು. ನ್ಯಾಯಾಧೀಶರು 30 ದಿನದವರೆಗೆ ಜೈಲಿಗೂ ಹಾಕಬಹುದು. ಎಡಿಸನ್ ಸುತ್ತಮುತ್ತ ನೆಲೆಸಿದ ನಮ್ಮವರು ಇದನ್ನು ಮರೆಯಬಾರದು: ನ್ಯೂಜೆರ್ಸಿ ಡಿಡಬ್ಲ್ಯುಐಗೆ ಎಕ್ಸ್‌ಪಂಜ್ಮೆಂಟ್ (ಕಡತ ಅಳಿಸುವುದು) ಮಾಡಿಕೊಡುತ್ತೇವೆ ಎನ್ನುವ ಜಾಹೀರಾತು ಸುಳ್ಳು.

ಇನ್ನೊಂದು ತುದಿಯಲ್ಲಿ ಅರಿಝೋನಾ. ಮೊದಲ ಸಲಕ್ಕೇ ಕನಿಷ್ಠ 10 ದಿನ ಜೈಲು, ಅದರಲ್ಲಿ 9 ದಿನವನ್ನು ನ್ಯಾಯಾಧೀಶರು ತಡೆಹಿಡಿಯಬಹುದು. 0.15 ದಾಟಿದರೆ 30 ದಿನ, 0.20 ದಾಟಿದರೆ 45 ದಿನ. ಆದರೂ ಅರಿಝೋನಾದಲ್ಲಿ ಶಿಕ್ಷೆ ಮುಗಿಸಿ ಮೂರು ವರ್ಷ ಕಳೆದ ಮೇಲೆ ಕಡತ ಸೀಲ್ ಮಾಡಲು, ಅಂದರೆ ಸಾರ್ವಜನಿಕರಿಗೆ ಕಾಣದಂತೆ ಮುಚ್ಚಲು, ಕೇಳಬಹುದು. ಆ ಕಾನೂನು 2023ರ ಜನವರಿ 1ರಿಂದ ಜಾರಿಯಲ್ಲಿದೆ. ಶಿಕ್ಷೆ ಬಿಗಿಯಾದ ಕಡೆ ಬಾಗಿಲು ತೆರೆದಿದೆ, ಹಗುರಾದ ಕಡೆ ಮುಚ್ಚಿದೆ. ಊಹೆಯ ಮೇಲೆ ದುಡ್ಡು ಕಟ್ಟಬಾರದು ಎನ್ನುವುದು ಇದಕ್ಕೇ.

ದುಡ್ಡಿಗೆ ತಕ್ಕ ಕೆಲಸ ಆಗುವ ರಾಜ್ಯಗಳು

ಮೊದಲ ಸ್ಥಾನ ಮಿಷಿಗನ್‌ಗೆ. 2022ರ ಫೆಬ್ರವರಿ 19ರಿಂದ ಅಲ್ಲಿ ಜೀವನದಲ್ಲಿ ಒಂದು ಸಲ, ಒಂದು ಓಡಬ್ಲ್ಯುಐ ಶಿಕ್ಷೆಯನ್ನು ರದ್ದು ಮಾಡಿಸಬಹುದು. ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾದಲ್ಲಿರುವ ಅವಧಿ) ಮುಗಿದು ಐದು ವರ್ಷ ಆಗಿರಬೇಕು. ಅಪಘಾತದಲ್ಲಿ ಸಾವು ಅಥವಾ ತೀವ್ರ ಗಾಯ ಆಗಿದ್ದರೆ, ಮಗು ಕಾರಿನಲ್ಲಿದ್ದರೆ ಅವಕಾಶವಿಲ್ಲ. ಎಂಸಿ 227 ಅರ್ಜಿ, ಶಿಕ್ಷೆಯ ಆದೇಶದ ಪ್ರಮಾಣೀಕೃತ ಪ್ರತಿ, ಬೆರಳಚ್ಚು ಕಾರ್ಡು, ರಾಜ್ಯಕ್ಕೆ 50 ಡಾಲರ್ ಶುಲ್ಕ, ಅಟಾರ್ನಿ ಜನರಲ್ ಮತ್ತು ಪ್ರಾಸಿಕ್ಯೂಟರ್‌ಗೆ ಪ್ರತಿ, ಆಮೇಲೆ ವಿಚಾರಣೆ. ಸಾಮಾನ್ಯವಾಗಿ ಕೆಲಸ ಕೆಡುವುದು ಎರಡು ಕಡೆ. ಬೇರೆ ಕೆಲವು ಅಪರಾಧಗಳು ಮಿಷಿಗನ್‌ನಲ್ಲಿ ತಾವಾಗಿ ಅಳಿಯುತ್ತವೆ, ಓಡಬ್ಲ್ಯುಐ ಮಾತ್ರ ಅರ್ಜಿ ಹಾಕದೆ ಅಳಿಯುವುದಿಲ್ಲ. ಕಾದು ಕೂತವರು ಕಾಯುತ್ತಲೇ ಇರುತ್ತಾರೆ. ಎರಡನೆಯದು, ಕುಡಿತದ ಚಿಕಿತ್ಸೆ ಅಥವಾ ತರಬೇತಿಯಿಂದ ಏನು ಉಪಯೋಗವಾಯಿತು ಎಂದು ನ್ಯಾಯಾಧೀಶರು ನೋಡುತ್ತಾರೆ. ಬರಿಗೈಯಲ್ಲಿ ಹೋದರೆ ಅರ್ಜಿ ಬಿದ್ದುಹೋಗಬಹುದು. ಈ ವಿಚಾರಣೆಗೆ ವಕೀಲರಿಗೆ ಕೊಟ್ಟ ದುಡ್ಡು ಸಾರ್ಥಕ. ಚಾಲನಾ ದಾಖಲೆ ಮಾತ್ರ ಇದರಿಂದ ಅಳಿಯುವುದಿಲ್ಲ.

ಟೆಕ್ಸಸ್ ಎರಡನೆಯದು. ಅಲ್ಲಿ ಅಳಿಸುವುದಿಲ್ಲ, ಸಾರ್ವಜನಿಕರಿಗೆ ಕಾಣದಂತೆ ಮುಚ್ಚುತ್ತಾರೆ. ಪೊಲೀಸರಿಗೂ ಲೈಸೆನ್ಸ್ ಕೊಡುವ ಹಲವು ಮಂಡಳಿಗಳಿಗೂ ಅದು ಕಾಣುತ್ತದೆ. 2017ರಿಂದ ಮೊದಲ ಸಲದ ಡಿಡಬ್ಲ್ಯುಐ ಶಿಕ್ಷೆಗೂ ಇದು ಸಿಗುತ್ತದೆ: ಪ್ರಮಾಣ 0.15ಕ್ಕಿಂತ ಕಡಿಮೆ ಇರಬೇಕು, ಬೇರೊಬ್ಬರು ಸೇರಿದ ಅಪಘಾತ ಆಗಿರಬಾರದು (ಪಕ್ಕದಲ್ಲಿ ಕೂತವರೂ ‘ಬೇರೊಬ್ಬರು’), ದಂಡ ಪೂರ್ತಿ ಕಟ್ಟಿರಬೇಕು. ಪ್ರೊಬೇಷನ್ ಮುಗಿಸಿದವರಿಗೆ ಕಾಯುವ ಅವಧಿ ಐದು ವರ್ಷ. ಕೋರ್ಟಿನ ಷರತ್ತಿನಂತೆ ಕನಿಷ್ಠ ಆರು ತಿಂಗಳು ಇಂಟರ್‌ಲಾಕ್ ಹಾಕಿಕೊಂಡು ಓಡಿಸಿದ್ದರೆ ಎರಡೇ ವರ್ಷ. ಮೂರು ವರ್ಷ ಉಳಿಸುವ ಈ ಯಂತ್ರವನ್ನು ತಪ್ಪೊಪ್ಪಿಗೆಯ ಮಾತುಕತೆಯಲ್ಲೇ ಷರತ್ತಾಗಿ ಬರೆಸಿಕೊಳ್ಳಬೇಕು. ತಾವಾಗಿ ಹಾಕಿಸಿಕೊಂಡದ್ದನ್ನು ಆಮೇಲೆ ಲೆಕ್ಕಕ್ಕೆ ಹಿಡಿಸುವುದು ಕಷ್ಟ. ಜೊತೆಗೆ ಟೆಕ್ಸಸ್‌ನಲ್ಲಿ ಮೊದಲ ಶಿಕ್ಷೆಗೆ ಕೋರ್ಟು ದಂಡದ ಮೇಲೆ ರಾಜ್ಯದ ಸಂಚಾರ ದಂಡವೆಂದೇ 3,000 ಡಾಲರ್ ಇದೆ, 0.15 ಅಥವಾ ಮೇಲಿದ್ದರೆ 6,000. ಇದನ್ನು ಬಾಕಿ ಇಟ್ಟು ಅರ್ಜಿ ಹಾಕಿದರೆ ನಡೆಯುವುದಿಲ್ಲ. ಅರ್ಜಿಯ ನಮೂನೆಗಳನ್ನು ರಾಜ್ಯದ ಕೋರ್ಟು ಆಡಳಿತ ಕಚೇರಿಯೇ ಪುಕ್ಕಟೆ ಕೊಡುತ್ತದೆ. ಅಪಘಾತವಿಲ್ಲದ ಸರಳ ಕೇಸಾದರೆ ಸೇವೆಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಇಂಟರ್‌ಲಾಕ್ ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಮೊದಲ ಸಲದವರಿಗೂ ಅದು ಬಂದಿದೆ. ಸ್ಟಾರ್ಟರ್‌ಗೆ ಜೋಡಿಸಿದ ಫ್ಯೂಯೆಲ್ ಸೆಲ್ ಯಂತ್ರ. ಊದದೆ ಕಾರು ಸ್ಟಾರ್ಟ್ ಆಗದು. ಸಾಮಾನ್ಯವಾಗಿ 0.02ರಿಂದ 0.025 ದಾಟಿದರೆ ತಡೆಯುತ್ತದೆ. ಕಾರು ಓಡುತ್ತಿರುವಾಗಲೂ ಮಧ್ಯೆ ಮಧ್ಯೆ ಮತ್ತೆ ಊದಲು ಕೇಳುತ್ತದೆ. ಊದದಿದ್ದರೆ ಎಂಜಿನ್ ನಿಲ್ಲುವುದಿಲ್ಲ, ಹಾರ್ನ್ ಕೂಗುತ್ತದೆ, ದೀಪ ಮಿನುಗುತ್ತದೆ, ತಪ್ಪು ದಾಖಲಾಗುತ್ತದೆ. ಬಾಡಿಗೆ ತಿಂಗಳಿಗೆ 70ರಿಂದ 100 ಡಾಲರ್, ಒಂದೆರಡು ತಿಂಗಳಿಗೊಮ್ಮೆ ಕ್ಯಾಲಿಬ್ರೇಷನ್ ಮಾಡಿಸಬೇಕು, ತಪ್ಪಿಸಿದರೆ ಯಂತ್ರ ಲಾಕ್ ಆಗುತ್ತದೆ. ಕುಡಿಯದವರೂ ಫೇಲ್ ಆಗುವುದು ಬಾಯಲ್ಲಿ ಉಳಿದ ಮದ್ಯಾಂಶದಿಂದ: ಮೌತ್‌ವಾಶ್, ಕೆಮ್ಮಿನ ಸಿರಪ್, ಕೈಗೆ ಹಚ್ಚಿದ ಸ್ಯಾನಿಟೈಸರಿನ ಆವಿ. ನಮ್ಮ ಮನೆಗಳಲ್ಲಿ ಇನ್ನೊಂದು ಇರುತ್ತದೆ, ಅದನ್ನು ಅಲ್ಲಿಯವರು ಯಾರೂ ಹೇಳಿಕೊಡುವುದಿಲ್ಲ: ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂಥ ಆಯುರ್ವೇದದ ಅರಿಷ್ಟಗಳು. ಹುಳಿ ಬಂದೇ ತಯಾರಾಗುವ ಇವುಗಳಲ್ಲಿ ಮದ್ಯಸಾರ ಇದ್ದೇ ಇದೆ, ಶೀಶೆಯ ಮೇಲೆ ಬರೆದೂ ಇರುತ್ತದೆ. ಹೋಮಿಯೋಪಥಿಯ ಮದರ್ ಟಿಂಕ್ಚರೂ ಹಾಗೆಯೇ. ಊರಿಂದ ಬಂದ ಅತ್ತೆಯೋ ಅಮ್ಮನೋ ಪ್ರೀತಿಯಿಂದ ಕೊಟ್ಟ ಎರಡು ಚಮಚೆ ಒಂದು ಫೇಲ್ ದಾಖಲೆ ಆಗಬಾರದು. ಊದುವ ಮುಂಚೆ ಬಾಯಿ ಮುಕ್ಕಳಿಸಿ, 15 ನಿಮಿಷ ಕಾಯಿರಿ. ಆದರೂ ಫೇಲ್ ಬಂದರೆ ಗಾಬರಿಯಾಗಿ ಕಾರು ಬಿಟ್ಟು ಹೋಗಬೇಡಿ. ಮತ್ತೆ ಮುಕ್ಕಳಿಸಿ ಯಂತ್ರ ಕೇಳಿದಾಗ ಊದಿ. ಬೇಗನೆ ಸೊನ್ನೆಗೆ ಇಳಿದ ಅಳತೆ ಬಾಯಿಯ ಮದ್ಯಾಂಶಕ್ಕೆ ಸಾಕ್ಷಿ.

ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಸಲದ ತಪ್ಪು ಮಿಸ್‌ಡಿಮೀನರ್ (ಸಣ್ಣ ದರ್ಜೆಯ ಅಪರಾಧ) ಆದ್ದರಿಂದ ಮೂರು ವರ್ಷದ ಮೇಲೆ ಪ್ರೊಬೇಷನ್ ಕಮಿಷನರ್‌ಗೆ ಅಂಚೆಯಲ್ಲಿ ಅರ್ಜಿ ಕಳಿಸಿ ಸೀಲ್ ಮಾಡಿಸಬಹುದು. ಶುಲ್ಕವಿಲ್ಲ. ಸೇವೆಗೆ ಏಕೆ ದುಡ್ಡು? ಆದರೆ ಸೀಲ್ ಆಗಿದ್ದರೂ ಇನ್ನೊಂದು ಸಲ ಸಿಕ್ಕಿದರೆ ಅದು ‘ಎರಡನೆಯ’ ತಪ್ಪೇ, ಇಪ್ಪತ್ತು ವರ್ಷ ಕಳೆದಿದ್ದರೂ.

ಪೆನ್ಸಿಲ್ವೇನಿಯಾದಲ್ಲಿ ಶಿಕ್ಷೆ ಮೂರು ಮೆಟ್ಟಿಲು: 0.10ರ ಕೆಳಗೆ, 0.16ರ ಕೆಳಗೆ, ಅದರ ಮೇಲೆ. ಮೊದಲ ಮೆಟ್ಟಿಲಿನ ಮೊದಲ ತಪ್ಪಿಗೆ 300 ಡಾಲರ್ ದಂಡ, ಆರು ತಿಂಗಳವರೆಗೆ ಪ್ರೊಬೇಷನ್, ಲೈಸೆನ್ಸ್ ಉಳಿಯುತ್ತದೆ. ಕೊನೆಯದಕ್ಕೆ ಕನಿಷ್ಠ 72 ಗಂಟೆ ಜೈಲು, ಒಂದು ವರ್ಷ ಲೈಸೆನ್ಸ್ ಇಲ್ಲ. ಆದರೆ ಮೊದಲ ಸಲದ ಬಹಳ ಜನರಿಗೆ ಎಆರ್‌ಡಿ ಎಂಬ ದಾರಿ ಸಿಗುತ್ತದೆ. ಅದು ತಪ್ಪೊಪ್ಪಿಗೆ ಇಲ್ಲದ ಕಾರ್ಯಕ್ರಮ; ಮುಗಿಸಿದರೆ ಕೇಸು ವಜಾ, ಆಮೇಲೆ ಕಡತ ಅಳಿಸಬಹುದು. ಸಾರಿಗೆ ಇಲಾಖೆಯಲ್ಲಿ 10 ವರ್ಷ ಉಳಿಯುತ್ತದೆ. ವೀಸಾದವರಿಗೆ ಈ ‘ತಪ್ಪೊಪ್ಪಿಗೆ ಇಲ್ಲ’ ಎಂಬುದೇ ದೊಡ್ಡ ಗಳಿಕೆ, ಕಾರಣ ಮುಂದೆ ಬರುತ್ತದೆ.

ನ್ಯೂಯಾರ್ಕಿನ ಕ್ಲೀನ್ ಸ್ಲೇಟ್ ಕಾನೂನು 2024ರ ನವೆಂಬರ್ 16ರಂದು ಜಾರಿಗೆ ಬಂತು. ಮಿಸ್‌ಡಿಮೀನರ್ ಶಿಕ್ಷೆಗಳು ಮೂರು ವರ್ಷದ ಮೇಲೆ ಅರ್ಜಿಯಿಲ್ಲದೆ ಸೀಲ್ ಆಗಬೇಕು. ವ್ಯವಸ್ಥೆ ಸಿದ್ಧಮಾಡಲು ಕೋರ್ಟುಗಳಿಗೆ 2027ರ ನವೆಂಬರ್‌ವರೆಗೆ ಗಡುವಿದೆ. ಅದಾಗಿಯೇ ಆಗುವ ಕೆಲಸಕ್ಕೆ ಇಂದೇ ದುಡ್ಡು ಕೇಳುವವರಿಂದ ದೂರ ಇರಿ. ಡಿಎಂವಿಯ ದಾಖಲೆಯಲ್ಲಿ ಡಿಡಬ್ಲ್ಯುಐ 15 ವರ್ಷ ಕಾಣುತ್ತದೆ.

ಕ್ಯಾಲಿಫೋರ್ನಿಯಾದ್ದು ಅತಿಯಾಗಿ ಹೊಗಳಿಸಿಕೊಂಡ ಪರಿಹಾರ. 1203.4 ಕಲಮಿನಡಿ ಸಿಆರ್-180 ಅರ್ಜಿ ಹಾಕಿ ‘ಎಕ್ಸ್‌ಪಂಜ್’ ಆಯಿತು ಎಂದು ಜನ ನಂಬುತ್ತಾರೆ. ಆಗುವುದು ಅಳಿಸುವಿಕೆಯಲ್ಲ, ಕಡತದಲ್ಲಿ ‘ವಜಾ’ ಎಂಬ ಸಾಲು ಸೇರುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ. ಬೇರೆ ಸಣ್ಣ ಅಪರಾಧಗಳಲ್ಲಿ ಪ್ರೊಬೇಷನ್ ಸರಿಯಾಗಿ ಮುಗಿಸಿದವರಿಗೆ ಇದು ಹಕ್ಕು, ಡಿಯುಐಗೆ ನ್ಯಾಯಾಧೀಶರ ವಿವೇಚನೆ. ಹತ್ತು ವರ್ಷದೊಳಗೆ ಮತ್ತೆ ಸಿಕ್ಕಿದರೆ ಹಳೆಯದು ಲೆಕ್ಕಕ್ಕೆ ಬರುತ್ತದೆ. ಖಾಸಗಿ ಕೆಲಸ ಹುಡುಕುವವರಿಗೆ ಉಪಯೋಗವಿದೆ, ಫಾರ್ಮ್ ಕೂಡ ಸರಳ. ಆದರೆ ಸಾವಿರಾರು ಡಾಲರಿನ ಬೆಲೆ ಅದಕ್ಕಿಲ್ಲ.

ಬಾಗಿಲು ಮುಚ್ಚಿದ ರಾಜ್ಯಗಳು

ಫ್ಲೋರಿಡಾ, ಒಹಾಯೋ, ವಾಷಿಂಗ್ಟನ್, ಉತ್ತರ ಕೆರೊಲಿನಾ, ಜಾರ್ಜಿಯಾ. ಇಲ್ಲೆಲ್ಲ ಡಿಯುಐ ಶಿಕ್ಷೆ ಆದ ಮೇಲೆ ಕಡತ ಮುಚ್ಚುವ ದಾರಿಯಿಲ್ಲ. ಫ್ಲೋರಿಡಾದಲ್ಲಿ ಚಾಲನಾ ದಾಖಲೆ 75 ವರ್ಷ ಉಳಿಯುತ್ತದೆ. ಕೇಸು ನಡೆಯುವಾಗಲೇ ಅದನ್ನು ‘ರೆಕ್‌ಲೆಸ್ ಡ್ರೈವಿಂಗ್’ಗೆ (ಅಜಾಗರೂಕ ಚಾಲನೆ) ಇಳಿಸಿ, ಶಿಕ್ಷೆ ಘೋಷಣೆ ತಡೆಹಿಡಿಸಿಕೊಂಡಿದ್ದರೆ ಮಾತ್ರ ಸೀಲ್ ಮಾಡಿಸುವ ಅವಕಾಶ, ಅದಕ್ಕೆ ರಾಜ್ಯದ ಅರ್ಹತಾ ಪತ್ರ ಬೇಕು, ಶುಲ್ಕ 75 ಡಾಲರ್. ಇಲಿನಾಯ್ ಇನ್ನೂ ನೋವಿನದು. ಅಲ್ಲಿ ಮೊದಲ ಸಲದವರಿಗೆ ‘ಕೋರ್ಟ್ ಸೂಪರ್ವಿಷನ್’ ಕೊಡುತ್ತಾರೆ, ಮುಗಿಸಿದರೆ ಶಿಕ್ಷೆ ಆಗಿಲ್ಲವೆಂದೇ ಲೆಕ್ಕ. ಬೇರೆ ತಪ್ಪುಗಳಿಗೆ ಅದನ್ನು ಅಳಿಸಬಹುದು, ಡಿಯುಐಗೆ ಕೊಟ್ಟ ಸೂಪರ್ವಿಷನ್ ಮಾತ್ರ ಅಳಿಸಲೂ ಬರುವುದಿಲ್ಲ, ಸೀಲ್ ಮಾಡಲೂ ಬರುವುದಿಲ್ಲ. ಈ ರಾಜ್ಯಗಳಲ್ಲಿ ದುಡ್ಡು ಖರ್ಚು ಮಾಡಬೇಕಾದ ಜಾಗ ಕೇಸಿನ ಆರಂಭ.

ಆ ಆರಂಭಕ್ಕೂ ಗಡುವಿದೆ. ಕ್ರಿಮಿನಲ್ ಕೇಸು ಒಂದು ಕಡೆ, ಲೈಸೆನ್ಸ್ ಅಮಾನತಿನ ಕೇಸು ಇನ್ನೊಂದು ಕಡೆ ಪ್ರತ್ಯೇಕವಾಗಿ ಓಡುತ್ತವೆ. ಲೈಸೆನ್ಸ್ ಉಳಿಸಿಕೊಳ್ಳಲು ವಿಚಾರಣೆ ಕೇಳಬೇಕಾದ ಅವಧಿ ವಾಷಿಂಗ್ಟನ್‌ನಲ್ಲಿ 7 ದಿನ, ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾದಲ್ಲಿ 10, ಟೆಕ್ಸಸ್‌ನಲ್ಲಿ 15, ಜಾರ್ಜಿಯಾದಲ್ಲಿ 30. ಕೋರ್ಟಿನ ತಾರೀಖು ತಿಂಗಳ ಆಚೆ ಇದೆಯಲ್ಲ ಎಂದು ಸುಮ್ಮನಿದ್ದವರು ಇದನ್ನು ಕಳೆದುಕೊಳ್ಳುತ್ತಾರೆ.

ವೀಸಾದ ಕಡತ

ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಮೇಲಿರುವವರು ಇದನ್ನು ಎರಡು ಸಲ ಓದಬೇಕು. 2015ರ ನವೆಂಬರ್‌ನಿಂದ ವಿದೇಶಾಂಗ ಇಲಾಖೆ ಹಿಂದಿನ ಐದು ವರ್ಷದೊಳಗಿನ ಒಂದೇ ಒಂದು ಡಿಯುಐ ಬಂಧನಕ್ಕೂ ವೀಸಾ ರದ್ದು ಮಾಡಬಹುದು. ಶಿಕ್ಷೆ ಬೇಕಿಲ್ಲ, ಬಂಧನ ಸಾಕು. ರದ್ದಾದ ಸುದ್ದಿ ಸಾಮಾನ್ಯವಾಗಿ ಇಮೇಲಿನಲ್ಲಿ ಬರುತ್ತದೆ. ಅದರಿಂದ ಅಮೆರಿಕದಲ್ಲಿ ಇರುವ ಸ್ಥಿತಿ ತಾನಾಗಿ ಹೋಗುವುದಿಲ್ಲ, ಕೆಲಸ ಮುಂದುವರಿಸಬಹುದು. ಆದರೆ ಹೊರಗೆ ಹೋದವರು ಹೊಸ ವೀಸಾ ಇಲ್ಲದೆ ಮರಳುವಂತಿಲ್ಲ. ಕಾನ್ಸುಲೇಟು ತನ್ನ ಪಟ್ಟಿಯ ವೈದ್ಯರ ಬಳಿ ಕುಡಿತದ ಚಟದ ತಪಾಸಣೆಗೆ ಕಳಿಸುತ್ತದೆ. ವರದಿ ಬರುವವರೆಗೆ ಊರಲ್ಲೇ ಕಾಯಬೇಕು. ತಂಗಿಯ ಮದುವೆಗೆ ಎರಡು ವಾರ ರಜೆ ಹಾಕಿ ಹೊರಡುವ ಯೋಜನೆ ಇದ್ದರೆ ಟಿಕೆಟ್ ತೆಗೆಯುವ ಮುಂಚೆ ವಲಸೆ ವಕೀಲರನ್ನು ಕಾಣಬೇಕು.

ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿ ಕೇಳುವುದು ಬಂಧನವಾಗಿತ್ತೇ ಎಂದು, ಕ್ಷಮೆ ಸಿಕ್ಕಿದ್ದರೂ ಹೇಳಬೇಕು. ಪೌರತ್ವದ ಅರ್ಜಿಯೂ ಅಳಿಸಿದ, ಸೀಲ್ ಆದ ಕಡತಗಳನ್ನೂ ಕೇಳುತ್ತದೆ. ‘ಕ್ಲಿಯರ್ ಆಗಿದೆ’ ಎಂದು ನಂಬಿ ‘ಇಲ್ಲ’ ಎಂದು ಬರೆದರೆ ಅದು ಸುಳ್ಳು ಹೇಳಿಕೆ. ಮೂಲ ತಪ್ಪಿಗಿಂತ ದೊಡ್ಡ ಕೆಡುಕು. ವಲಸೆ ಕಾನೂನಿನಲ್ಲಿ ‘ಶಿಕ್ಷೆ’ಯ ಅರ್ಥವೂ ಬೇರೆ: ತಪ್ಪೊಪ್ಪಿಕೊಂಡು, ಪ್ರೊಬೇಷನ್‌ನಂಥ ಯಾವುದಾದರೂ ಕಟ್ಟುಪಾಡು ಬಿದ್ದಿದ್ದರೆ ಅದು ಶಿಕ್ಷೆಯೇ, ರಾಜ್ಯ ಆಮೇಲೆ ಅಳಿಸಿದರೂ. ಇಲಿನಾಯ್‌ನ ಸೂಪರ್ವಿಷನ್, ಟೆಕ್ಸಸ್‌ನ ಡಿಫರ್ಡ್ ಅಡ್ಜುಡಿಕೇಷನ್ (ತೀರ್ಪು ಮುಂದೂಡಿ ನಿಗಾದಲ್ಲಿಡುವ ವ್ಯವಸ್ಥೆ) ಇದರಡಿ ಬರುತ್ತವೆ. ಪೆನ್ಸಿಲ್ವೇನಿಯಾದ ಎಆರ್‌ಡಿಯಲ್ಲಿ ತಪ್ಪೊಪ್ಪಿಗೆ ಇಲ್ಲದ್ದರಿಂದ ಸಾಮಾನ್ಯವಾಗಿ ಬರುವುದಿಲ್ಲ. ಒಂದು ಸಮಾಧಾನ: ಬರೀ ಒಂದು ಸಾಧಾರಣ ಡಿಯುಐ ಗಡೀಪಾರಿಗೆ ಕಾರಣವಾಗುವ ಅಪರಾಧವಲ್ಲ, ಅದು ಹಿಂಸೆಯ ಅಪರಾಧವಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎರಡಾದರೆ ಪೌರತ್ವಕ್ಕೆ ಬೇಕಾದ ಸನ್ನಡತೆಯ ಪರೀಕ್ಷೆಯಲ್ಲಿ ಸಿಕ್ಕಿಕೊಳ್ಳುತ್ತೀರಿ.

ನಯಾಗರಾದ ಆಚೆ ದಡಕ್ಕೆ ಹೋಗುವವರಿಗೆ ಕೆನಡಾದ ಕಾನೂನು ಬೇರೆ. 2018ರ ಡಿಸೆಂಬರ್ 18ರಿಂದ ಅಲ್ಲಿ ಇದು ಗಂಭೀರ ಅಪರಾಧ. ಗಡಿಯಲ್ಲಿ ನೋಡುವುದು ಕೆನಡಾದ ಅಳತೆಯಲ್ಲಿ, ಆದ್ದರಿಂದ ನ್ಯೂಜೆರ್ಸಿಯ ‘ಅಪರಾಧವಲ್ಲ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಸೇವೆ ಕೊಳ್ಳುವುದಾದರೆ

ಮೊದಲು ಎಫ್‌ಬಿಐನಿಂದ ನಿಮ್ಮದೇ ದಾಖಲೆಯ ಪ್ರತಿ ತರಿಸಿಕೊಳ್ಳಿ, 18 ಡಾಲರ್. ಏನು ಬರೆದಿದೆ ಎಂದು ನೋಡದೆ ಏನನ್ನು ಅಳಿಸಬೇಕೆಂದು ಹೇಳಲಾಗದು. ಆಮೇಲೆ ಸೇವೆಯವರಿಗೆ ಕೇಳಿ: ಯಾವ ಕಲಮಿನಡಿ ಅರ್ಜಿ? ಸಿಗುವುದು ಅಳಿಸುವ ಆದೇಶವೋ, ಸೀಲೋ, ‘ವಜಾ’ ಎಂಬ ಸಾಲೋ? ಆ ರಾಜ್ಯದಲ್ಲಿ ಲೈಸೆನ್ಸ್ ಪಡೆದ ವಕೀಲರೇ ವಿಚಾರಣೆಗೆ ಬರುತ್ತಾರೆಯೇ? ಅರ್ಹತೆ ಇಲ್ಲವೆಂದು ತಿಳಿದರೆ ದುಡ್ಡು ವಾಪಸ್ಸೇ? ಕಲಮಿನ ಸಂಖ್ಯೆ ಹೇಳದೆ ‘ನಮ್ಮ ತಂಡ ನೋಡಿಕೊಳ್ಳುತ್ತದೆ’ ಎಂದರೆ ಮುಂದುವರಿಯಬೇಡಿ. ಆದೇಶ ಬಂದ ಮೇಲೆ ಖಾಸಗಿ ಬ್ಯಾಕ್‌ಗ್ರೌಂಡ್ ಸಂಸ್ಥೆಗಳಿಗೆ ಪ್ರತಿ ಕಳಿಸಿ ಲಿಖಿತ ತಕರಾರು ಸಲ್ಲಿಸಬೇಕು. ಅವರು ಸಾಮಾನ್ಯವಾಗಿ 30 ದಿನದಲ್ಲಿ ಮರುಪರಿಶೀಲಿಸಬೇಕೆಂದು ಕೇಂದ್ರದ ಕಾನೂನಿದೆ. ಶುಲ್ಕದಲ್ಲಿ ಈ ಕೆಲಸ ಸೇರಿದೆಯೇ ಎಂದೂ ಕೇಳಿ, ಎಷ್ಟೋ ಸಲ ಸೇರಿರುವುದಿಲ್ಲ.

ಅರ್ಜಿ ಸಲ್ಲಿಸುವ ಮುಂಚೆ ಇನ್ನೊಂದು ಕೆಲಸ. ಬಂಧನದ ವರದಿ, ಆರೋಪ ಪತ್ರ, ಕೋರ್ಟಿನ ಅಂತಿಮ ಆದೇಶ, ದಂಡ ಕಟ್ಟಿದ ರಸೀದಿ, ಕ್ಲಾಸು ಮುಗಿಸಿದ ಪತ್ರ, ಎಲ್ಲದರ ಎರಡೆರಡು ಪ್ರತಿ ತೆಗೆದಿಡಿ. ಕೋರ್ಟಿನ ಆದೇಶದ್ದು ಪ್ರಮಾಣೀಕೃತ ಪ್ರತಿಯೇ ಆಗಬೇಕು. ಕಡತ ಅಳಿದ ಮೇಲೆ ಕೋರ್ಟಿನ ಗುಮಾಸ್ತರ ಬಳಿ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ, ಆದರೆ ಐದು ವರ್ಷದ ನಂತರವೂ ಚೆನ್ನೈ ಕಾನ್ಸುಲೇಟಿನ ಕಿಟಕಿಯಲ್ಲಿ ಅದೇ ಕಾಗದವನ್ನು ಕೇಳುತ್ತಾರೆ.